ಕೊನೆಯ ಪುಟದ ಬೆಲೆ

"ಮನೆ ಬಾಗಿಲಿಗೆ ತಲುಪಿಸೋ ಶುಲ್ಕ ಅಂತ ತಗೊಂಡಿದ್ದೀರಲ್ಲ, ನನ್ನ ಮನೆ ಇದೇನಾ?"

ಸಭಾಂಗಣದ ಟಿಕೆಟ್ ಕಿಟಕಿಯ ಗಾಜಿಗೆ ಮೊಬೈಲನ್ನು ಒತ್ತಿ ಹಿಡಿದು ಅವಳು ಕೇಳಿದಳು. ಹಿಂದೆ ಸಾಲಿನಲ್ಲಿ ನಿಂತಿದ್ದ ಐದಾರು ಮಂದಿ ಕತ್ತು ಉದ್ದ ಮಾಡಿ ನೋಡಿದರು.

ಗಾಜಿನ ಆಚೆ ಕೂತಿದ್ದವನು ತಲೆ ಎತ್ತಿದ. ಮೂವತ್ತರ ಆಸುಪಾಸಿನ ವಯಸ್ಸು, ನಿದ್ದೆಗೆಟ್ಟ ಮುಖ, ಮೂಗಿನ ಮೇಲೆ ಓರೆಯಾಗಿ ಕೂತ ಕನ್ನಡಕ. ಅಷ್ಟು ಸಿಟ್ಟಿನಲ್ಲೂ ಅವಳ ಕಣ್ಣಿಗೆ ಮೊದಲು ಬಿದ್ದಿದ್ದು ಆ ಓರೆ ಕನ್ನಡಕವೇ. ಏನು ಮಾಡುವುದು, ಅವಳ ಕಸುಬೇ ಅದು!

"ಆ ದುಡ್ಡು ನಾವು ತಗೊಂಡಿಲ್ಲ ಮೇಡಂ," ಅವನು ಮೆಲ್ಲಗೆ ಹೇಳಿದ. "ನೀವು ಕೊಂಡಿರೋದು ಮರುಮಾರಾಟದವರ ಹತ್ರ. ಅವರು ನಮ್ಮಿಂದಲೇ ಟಿಕೆಟ್ ಎತ್ತಿ, ಮೇಲೆ ದುಡ್ಡಿಟ್ಟು ಮಾರ್ತಾರೆ. ಟಿಕೆಟ್ ಮಾತ್ರ ಇಲ್ಲಿಗೇ ಬಂದು ತಗೋಬೇಕು."

ಅಂದರೆ ಅವಳೇ ಬಸ್ಸು ಹತ್ತಿ, ಬಿಸಿಲಲ್ಲಿ ನಡೆದು, ಸಾಲಲ್ಲಿ ನಿಂತು ತೆಗೆದುಕೊಳ್ಳಬೇಕಾದ ಟಿಕೆಟ್ಟಿಗೆ, ಮನೆಗೆ ತಂದುಕೊಡುವ ಖರ್ಚು ಬೇರೆ! ಥೂ.

ಅವನು ಗಾಜಿನ ಕೆಳಗಿನಿಂದ ಎರಡು ಟಿಕೆಟ್ ತಳ್ಳಿದ. ಮೇಲೆ ಅಚ್ಚಾಗಿದ್ದ ಬೆಲೆ ನೋಡಿ ಅವಳ ಮೈ ಉರಿದುಹೋಯಿತು. ಒಂದಕ್ಕೆ ಬರೀ ಆರುನೂರು. ಅವಳು ಎರಡಕ್ಕೆ ಸೇರಿ ಕಟ್ಟಿದ್ದು ಹತ್ತಿರ ಹತ್ತಿರ ನಾಲ್ಕು ಸಾವಿರ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಸೀಟಿನ ಸಂಖ್ಯೆಯನ್ನು ಎರಡೆರಡು ಸಲ ನೋಡಿದಳು. ಒಂದು ಆರನೇ ಸಾಲು. ಇನ್ನೊಂದು ಇಪ್ಪತ್ತನೇ ಸಾಲು, ಕಂಬದ ಹಿಂದೆ.

"ಇದೇನಿದು... ಜೊತೆ ಸೀಟಿನ ಶುಲ್ಕ ಅಂತ ಬೇರೆ ಕೊಟ್ಟಿದ್ದೀನಲ್ಲ?"

"ಅದರ ಕೆಳಗೆ ಬೂದು ಬಣ್ಣದಲ್ಲಿ ಸಣ್ಣದಾಗಿ ಬರೆದಿರುತ್ತೆ," ಎಂದ ಅವನು, ಅವಳ ಮುಖ ನೋಡದೆ. "ಸಾಧ್ಯವಾದ ಮಟ್ಟಿಗೆ, ಅಂತ."

ಅವಳು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಇತ್ತು! ಬಿಳಿ ಪುಟದ ಮೇಲೆ ತಿಳಿ ಬೂದು, ಇರುವೆ ಕಾಲಿನಷ್ಟು ಸಣ್ಣ ಅಕ್ಷರ.

ಅಳು ಬರಬೇಕಾಗಿತ್ತು. ಬರಲಿಲ್ಲ. ಬಂದದ್ದು ವಾಕರಿಕೆ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ದಿನವಿಡೀ ಜನರನ್ನು ಕೂರಿಸಿ ಗೋಡೆಯ ಮೇಲಿನ ಕೊನೇ ಸಾಲಿನ ಅಕ್ಷರ ಓದಿಸುವವಳು. ಅಂಥವಳ ಕಣ್ಣಿಗೇ ಮಣ್ಣೆರಚಿದ್ದರು.

*

ಅವಳು ಅಷ್ಟೇನೂ ಪೆದ್ದಿಯಲ್ಲ. ಹೇಗಾಯಿತು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗೂ ಹೀಗೇ ಆಗಿರುತ್ತದೆ.

ಅವಳನ್ನು ಸಾಕಿದ್ದು ದೊಡ್ಡಮ್ಮ. ಅಮ್ಮನ ಅಕ್ಕ. ಹೊಲಿಗೆ ಕೆಲಸದವರು. ನಲವತ್ತು ವರ್ಷ ಮಿಷನ್ ತುಳಿದರು, ಮಿಷನ್ನಿನ ಪಕ್ಕದ ರೇಡಿಯೋದಲ್ಲಿ ಒಬ್ಬ ಗಾಯಕಿಯ ಹಾಡು ಬಂದರೆ ಮಾತ್ರ ಕಾಲು ನಿಲ್ಲಿಸುತ್ತಿದ್ದರು. ಗಿರಾಕಿ ಬಂದರೂ ಹಾಡು ಮುಗಿಯುವ ತನಕ ಕಾಯಬೇಕು!

ದೊಡ್ಡಮ್ಮನ ಎಡಗಿವಿ ಚಿಕ್ಕಂದಿನಲ್ಲೇ ಹೋಗಿತ್ತು. ಈಗ ಬಲಗಿವಿಯ ಹಿಂದೆ ಗಡ್ಡೆ. ತೆಗೆಯದಿದ್ದರೆ ಜೀವಕ್ಕೆ ಅಪಾಯ, ತೆಗೆದರೆ ಆ ಕಿವಿಯೂ ಹೋಗುತ್ತದೆ, ಅಂತ ಡಾಕ್ಟರು ಬಿಡಿಸಿ ಹೇಳಿದ್ದರು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಒಂದು ಗುರುವಾರ.

ಅದಕ್ಕೆ ನಾಲ್ಕು ದಿನ ಮುಂಚೆ, ಭಾನುವಾರ ಮಧ್ಯಾಹ್ನ, ಆ ಗಾಯಕಿಯ ಕೊನೆಯ ಕಛೇರಿ. ಇನ್ನು ಮೇಲೆ ಹಾಡುವುದಿಲ್ಲ ಅಂತ ಆಕೆಯೇ ಹೇಳಿಕೊಂಡಿದ್ದರು.

ಜೊತೆಯಲ್ಲೇ ಕೂರಬೇಕು ಅಂತ ಯಾಕಿಷ್ಟು ಹಟ? ಈಗ ದೊಡ್ಡಮ್ಮನ ಕಿವಿಗೆ ರಾಗ ಕೇಳಿಸುತ್ತದೆ, ಮಾತು ಕಲಸಿಹೋಗುತ್ತದೆ. ಮನೆಯಲ್ಲಿ ಹಾಡು ಹಾಕಿದಾಗಲೆಲ್ಲ ಅವಳು ಪಕ್ಕದಲ್ಲಿ ಕೂತು, ಕಿವಿಗೆ ಬಾಯಿ ತಾಗಿಸಿ, ಸಾಲುಗಳನ್ನು ಪಿಸುಗುಡುತ್ತಾಳೆ. ಅವಳು ಪಕ್ಕದಲ್ಲಿಲ್ಲದಿದ್ದರೆ ದೊಡ್ಡಮ್ಮನಿಗೆ ಆ ಕಛೇರಿ ಅರ್ಧವೇ.

ಅಂಗಡಿಯಲ್ಲಿ ಊಟದ ಬಿಡುವಿನಲ್ಲಿ ಮೊಬೈಲ್ ತೆರೆದಿದ್ದಳು. ಮೊದಲ ಪುಟದಲ್ಲಿ ಒಂದು ಟಿಕೆಟ್ಟಿಗೆ ಒಂಬೈನೂರು. ಸರಿ, ಕೊಡಬಹುದು. ಹೆಸರು, ವಿಳಾಸ, ಫೋನ್ ನಂಬರ್... ಪುಟದ ಮೇಲೆ ಪುಟ. ಕೊನೆಯ ಪುಟಕ್ಕೆ ಬಂದಾಗ ಸೇವಾ ಶುಲ್ಕ, ಅನುಕೂಲ ಶುಲ್ಕ, ಜೊತೆ ಸೀಟಿನ ಶುಲ್ಕ, ತಲುಪಿಸುವ ಶುಲ್ಕ. ಇಷ್ಟೆಲ್ಲ ಶುಲ್ಕ ವಸೂಲಿ ಮಾಡುವುದಕ್ಕೆ ಇನ್ನೊಂದು ಶುಲ್ಕ!

ಬಿಟ್ಟುಬಿಡೋಣ ಅಂದುಕೊಂಡಳು. ಅಷ್ಟರಲ್ಲಿ ಮೂಲೆಯಲ್ಲಿ ಒಂದು ಗಡಿಯಾರ ಕಾಣಿಸಿತು. ಎರಡು ನಿಮಿಷ ಉಳಿದಿದೆ, ನಿಮ್ಮ ಸೀಟು ಬೇರೆಯವರ ಪಾಲಾಗಲಿದೆ... ಒಂದು ನಿಮಿಷ... ಅಂಕಿಗಳು ಕೆಂಪಾದವು. ಆಮೇಲೆ ನಡುಗತೊಡಗಿದವು. ಅವಳ ಬೆರಳೂ ನಡುಗಿತು.

ಒತ್ತಿಬಿಟ್ಟಳು.

*

ಕಿಟಕಿಯವನು ಅವಳನ್ನು ಹಾಗೇ ಕಳಿಸಲಿಲ್ಲ. ಸಾಲು ಕರಗುವ ತನಕ ಪಕ್ಕದ ಬೆಂಚಿನಲ್ಲಿ ಕೂರಿಸಿ, ಆಮೇಲೆ ಹೊರಗೆ ಬಂದು, ಜೊತೆ ಸೀಟೇ ಯಾಕೆ ಬೇಕು ಅಂತ ಕೇಳಿದ. ಅವನು ಕೇಳದ್ದನ್ನೂ ಸೇರಿಸಿ ಅವಳು ಎಲ್ಲ ಹೇಳಿಬಿಟ್ಟಳು. ಸಿಟ್ಟು ಬಂದಾಗ ಅವಳ ಬಾಯಿಗೆ ಬಾಗಿಲಿರುವುದಿಲ್ಲ.

ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಸಭಾಂಗಣದ ಒಂದು ಪದ್ಧತಿ ಹೇಳಿದ. ಪ್ರತಿ ಕಾರ್ಯಕ್ರಮಕ್ಕೂ ಎಂಟು ಸೀಟುಗಳನ್ನು ಯಾರಿಗೂ ಮಾರುವುದಿಲ್ಲ. ಕುರ್ಚಿ ಮುರಿದರೆ, ಒಂದೇ ಸೀಟಿಗೆ ಇಬ್ಬರು ಬಂದರೆ, ಅಂಥ ಎಡವಟ್ಟಿಗೆ ಇರಲಿ ಅಂತ. ಶುರುವಾಗುವ ಅರ್ಧ ಗಂಟೆ ಮುಂಚೆ ಮ್ಯಾನೇಜರು ಒಪ್ಪಿದರೆ ಅವು ಕಿಟಕಿಯ ಕೈಗೆ ಬರುತ್ತವೆ. ಟಿಕೆಟ್ ಇದ್ದವರೇ ಬಂದು ಬದಲಾಯಿಸಿಕೊಳ್ಳಬೇಕು.

"ಮಾತು ಕೊಡಲ್ಲ," ಎಂದ. "ಆದರೆ ಆ ದಿನ ಎರಡೂವರೆಗೆ ಬನ್ನಿ. ನನ್ನ ಕೈಲಾದಷ್ಟು ನೋಡ್ತೀನಿ."

ಮಾತು ಕೊಡದೆ ಇದ್ದದ್ದೇ ಅವಳಿಗೆ ಹಿಡಿಸಿತು. ಇಡೀ ವಾರದಲ್ಲಿ ಮೊದಲ ಸಲ ಒಬ್ಬರು ಇರುವುದನ್ನು ಇರುವ ಹಾಗೆ ಹೇಳಿದ್ದರು. ಹೊರಡುವಾಗ, ನಿಮ್ಮ ಕನ್ನಡಕ ಬಲಕ್ಕೆ ವಾಲಿದೆ, ಅಂಗಡಿಗೆ ಬಂದರೆ ಸರಿ ಮಾಡಿಕೊಡುತ್ತೇನೆ ಅಂದಳು.

ಮರುದಿನವೇ ಬಂದ!

ಅವಳು ಫ್ರೇಮನ್ನು ಬಿಸಿ ಗಾಳಿಗೆ ಹಿಡಿದು, ಮೆತ್ತಗಾದ ಮೇಲೆ ಕಡ್ಡಿಯನ್ನು ಬಗ್ಗಿಸಿ, ಅವನ ಮುಖಕ್ಕೆ ಇಟ್ಟಳು. ಕಿವಿಯ ಹಿಂದೆ ಎಷ್ಟು ಸಡಿಲವಿದೆ ಅಂತ ಎರಡು ಬೆರಳಿನಿಂದ ಮುಟ್ಟಿ ನೋಡಿದಳು. ದಿನಕ್ಕೆ ಇಪ್ಪತ್ತು ಜನರಿಗೆ ಮಾಡುವ ಕೆಲಸ. ಆದರೆ ಅವತ್ತು ಅವನ ಕಿವಿ ಕೆಂಪಾಯಿತು. ಅದನ್ನು ನೋಡಿ ಅವಳ ಮುಖವೂ.

*ಇದೇನು ನನಗೆ... ಫ್ರೇಮ್ ತಾನೇ ಸರಿ ಮಾಡ್ತಿರೋದು!*

ಆಮೇಲೆ ಅವನು ದಿನಾ ಬಂದ. ಶುಲ್ಕ ವಾಪಸ್ ಕೇಳಿ ಕಂಪನಿಗೆ ದೂರು ಬರೆಯಲು ಸಹಾಯ ಮಾಡುತ್ತೇನೆ ಅಂದ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಲ್ಲಿ ಇಬ್ಬರೂ ಕೌಂಟರಿನ ಮೇಲೆ ಬಗ್ಗಿ, ಒಂದೇ ಮೊಬೈಲಿನಲ್ಲಿ ಪುಟ ತಿರುಗಿಸುತ್ತಿದ್ದರು. ದೊಡ್ಡಮ್ಮ ಊಟದ ಡಬ್ಬಿ ತಂದವರು ಅವನನ್ನು ಮೇಲಿಂದ ಕೆಳಗೆ ನೋಡಿ 'ಕಿಟಕಿ' ಅಂತ ಹೆಸರಿಟ್ಟರು. ಮರುದಿನದಿಂದ ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ಊಟ ಇರುತ್ತಿತ್ತು.

ಆ ಕಂಪನಿಯ ದೂರಿನ ಪುಟವೋ, ಹೇಸಿಗೆಯ ಗುಂಡಿ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಕಳಿಸುತ್ತದೆ. ನಿಮ್ಮ ಭಾವನೆಗಳನ್ನು ಗೌರವಿಸುತ್ತೇವೆ ಅನ್ನುತ್ತದೆ. ಕೊನೆಗೆ ದೂರು ಪರಿಶೀಲನಾ ಶುಲ್ಕ ಕಟ್ಟಿ ಅನ್ನುತ್ತದೆ!

"ಈಗ ಒಂದು ನಗುಮುಖ ಬರುತ್ತೆ ನೋಡಿ," ಅಂದ ಅವನು ಒಂದು ಸಲ. ಬಂತು. ಹಳದಿ ಮುಖ, ಹಲ್ಲು ಕಿಸಿದುಕೊಂಡು.

ಅವಳು ನಕ್ಕುಬಿಟ್ಟಳು. ನಿಮಗೆ ಹೇಗೆ ಗೊತ್ತು ಅಂತ ಕೇಳಿದಳು. ಅವನು ಕನ್ನಡಕ ತೆಗೆದು ಒರೆಸಿಕೊಂಡ. ದಿನಾ ಜನ ಕಿಟಕಿಗೆ ಬಂದು ಅಳುತ್ತಾರಲ್ಲ, ಹಾಗೆ ಗೊತ್ತಾಯಿತು, ಅಂದ.

ಕನ್ನಡಕ ಶುಭ್ರವಾಗಿಯೇ ಇತ್ತು. ಅದನ್ನು ಆಗಲೇ ಅವಳು ಗಮನಿಸಬೇಕಾಗಿತ್ತು.

*

ಕಛೇರಿಗೆ ಐದು ದಿನ ಉಳಿದಿತ್ತು.

ಅವತ್ತು ಅಂಗಡಿಗೆ ನುಣುಪಾದ ಅಂಗಿ ತೊಟ್ಟ ಒಬ್ಬ ಬಂದ. ಬಿಸಿಲಿಗೆ ಹಾಕುವ ಬಣ್ಣದ ಕನ್ನಡಕ ಬೇಕು, ಬೆಲೆ ಎಷ್ಟಾದರೂ ಪರವಾಗಿಲ್ಲ ಅಂದ. ಕನ್ನಡಿಯಲ್ಲಿ ತನ್ನನ್ನು ತಾನೇ ಮೆಚ್ಚಿಕೊಳ್ಳುತ್ತಾ ತಿರುಗಿದವನಿಗೆ, ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಕಿಟಕಿ ಕಾಣಿಸಿದ.

"ಏ ಗಡಿಯಾರ! ನೀನೇನೋ ಇಲ್ಲಿ?"

ಕಿಟಕಿಯ ಮುಖದಲ್ಲಿ ರಕ್ತ ಇಳಿದುಹೋಯಿತು.

ನುಣುಪು ಅಂಗಿಯವನಿಗೆ ಅದೆಲ್ಲಿ ಕಾಣಬೇಕು? ಅವಳ ಕಡೆ ತಿರುಗಿ, ನಾವಿಬ್ಬರೂ ಒಂದೇ ಕಂಪನಿಯಲ್ಲಿ ಇದ್ದೆವು ಅಂತ ಕಂಪನಿಯ ಹೆಸರು ಹೇಳಿದ. ಅದೇ ಹೆಸರು! ಅವಳ ಮೊಬೈಲಿನಲ್ಲಿ, ಆ ಹಳದಿ ನಗುಮುಖದ ಪಕ್ಕದಲ್ಲಿದ್ದ ಹೆಸರು.

"ಟಿಕೆಟ್ ಪುಟದಲ್ಲಿ ಗಡಿಯಾರ ಓಡುತ್ತಲ್ಲ, ಅದು ಇವನದೇ ಕೈಚಳಕ. ಸುಮ್ಮನೆ ಓಡೋದು ಅದು. ಮುಗಿದ್ರೆ ಮತ್ತೆ ಮೊದಲಿಂದ ಶುರು! ಕೊನೇ ನಿಮಿಷದಲ್ಲಿ ಅಂಕಿ ನಡುಗೋ ಹಾಗೆ ಮಾಡಿದ್ದೂ ಇವನೇ. ಅಂಕಿ ನಡುಗಿದ್ರೆ ಜನರ ಕೈನೂ ನಡುಗುತ್ತೆ, ಯೋಚನೆ ಮಾಡದೆ ಒತ್ತುತ್ತಾರೆ ಅಂತ. ಎಂಥ ತಲೆ ನೋಡಿ!"

ಹೇಳಿ ಅವನು ನಕ್ಕ. ಆಮೇಲೆ ಬಣ್ಣದ ಕನ್ನಡಕಕ್ಕೆ ಚೌಕಾಸಿ ಬೇರೆ ಮಾಡಿ, ಕೊಂಡು, ಹೋದ.

ಅಂಗಡಿಯಲ್ಲಿ ಗಾಜು ಉಜ್ಜುವ ಚಕ್ರಕ್ಕೆ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಉಳಿಯಿತು.

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಗಡಿಯಾರ ನೋಡಿ ನಡುಗಿದ್ದು ಇದೇ ಬೆರಳು. ಅವನ ಕಿವಿಯ ಹಿಂದೆ ಮುಟ್ಟಿದ್ದೂ ಇದೇ ಬೆರಳು. ಹಿಂದಿನ ನಲ್ಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದಳು. ಸಾಲದು ಅನಿಸಿತು. ಮತ್ತೊಮ್ಮೆ ತೊಳೆದಳು.

ವಾಪಸ್ ಬಂದಾಗ ಅವನು ಎದ್ದು ನಿಂತಿದ್ದ. ಹೇಳಬೇಕು ಅಂತಿದ್ದೆ, ಬಾಯಿ ಬರಲಿಲ್ಲ, ಅಂತ ಏನೋ ತೊದಲಿದ.

"ನೀನೂ ಆ ಪುಟದ ಹಾಗೇನೇ," ಅಂದಳು ಅವಳು. ಅಷ್ಟು ದಿನ 'ನೀವು' ಅಂದವಳ ಬಾಯಲ್ಲಿ 'ನೀನು' ಬಂದದ್ದು ಪ್ರೀತಿಯಿಂದಲ್ಲ. "ಮೊದಲು ಒಳ್ಳೇದನ್ನೆಲ್ಲ ತೋರಿಸ್ದೆ. ಒಂದೊಂದೇ ಪುಟ ದಾಟಿಸಿ, ವಾಪಸ್ ಹೋಗೋಕೆ ಮನಸ್ಸೇ ಬರದ ಕಡೆ ತಂದು ನಿಲ್ಲಿಸ್ದೆ. ಆಮೇಲೆ ಬೆಲೆ ಗೊತ್ತಾಗ್ತಿದೆ. ಅದೂ ನಿನ್ನ ಬಾಯಿಂದಲ್ಲ."

"ಒಂದು ನಿಮಿಷ ಕೇಳಿ..."

"ನಿನ್ನ ನಿಮಿಷಗಳೆಲ್ಲ ಸುಳ್ಳು. ಹೋಗು."

ಅವನು ಹೋದ. ಅವನು ಕೂತಿದ್ದ ಸ್ಟೂಲನ್ನು ಅವಳು ಒದ್ದೆ ಬಟ್ಟೆಯಿಂದ ಒರೆಸಿದಳು. ಒರೆಸುವಾಗ ಕಣ್ಣೀರು ಬಂತು, ಅದಕ್ಕೂ ತನ್ನ ಮೇಲೇ ಅಸಹ್ಯಪಟ್ಟುಕೊಂಡಳು. ಎಂಥವನಿಗಾಗಿ ಅಳುತ್ತಿದ್ದೇನೆ! ನನ್ನಂಥ ನೂರು ಜನರನ್ನು ಹೆದರಿಸಿ ಸಂಬಳ ತಿಂದವನಿಗಾಗಿ...

ಎರಡು ದಿನ ಕಳೆದ ಮೇಲೆ, ಕಿಟಕಿ ಯಾಕೆ ಬರುತ್ತಿಲ್ಲ ಅಂತ ದೊಡ್ಡಮ್ಮ ಕೇಳಿದರು. ಅವಳು ಬಲಗಿವಿಗೆ ಬಾಯಿಟ್ಟು ಎಲ್ಲ ಹೇಳಿದಳು. ದೊಡ್ಡಮ್ಮನ ಮುಖ ಕಹಿಯಾಯಿತು. ಥೂ, ಅನ್ನ ತಿನ್ನುವವರು ಮಾಡುವ ಕೆಲಸವಾ ಅದು ಅಂದರು. ಸ್ವಲ್ಪ ಹೊತ್ತು ಬಟ್ಟೆಗೆ ಗುಂಡಿ ಹೊಲಿಯುತ್ತಾ ಕೂತರು.

"ಅಲ್ಲ ಪುಟ್ಟಿ, ಆ ಕೆಲಸ ಅವನೇ ಬಿಟ್ಟನೋ, ಅವರೇ ಬಿಡಿಸಿದ್ರೋ?"

ಗೊತ್ತಿಲ್ಲ ಅಂತ ತಲೆಯಾಡಿಸಿದಳು.

"ಅದೊಂದು ಕೇಳಬೇಕಿತ್ತು," ಎಂದು ದೊಡ್ಡಮ್ಮ ದಾರ ಕಡಿದರು.

*

ಭಾನುವಾರ ಬಂತು.

ಆ ಕಿಟಕಿಯ ಹತ್ತಿರ ಸುಳಿಯುವುದಿಲ್ಲ ಅಂತ ಅವಳು ನಿರ್ಧಾರ ಮಾಡಿದ್ದಳು. ದೊಡ್ಡಮ್ಮನನ್ನು ಆರನೇ ಸಾಲಿನಲ್ಲಿ ಕೂರಿಸಿ, ತಾನು ಕಂಬದ ಹಿಂದೆ ಕೂರುವುದು. ಹಾಗಂತ ಹೇಳಿದಾಗ ದೊಡ್ಡಮ್ಮ, ಆಗಲಿ ಬಿಡು, ರಾಗವಾದರೂ ಕೇಳಿಸುತ್ತಲ್ಲ ಅಂದಿದ್ದರು. ಆದರೆ ಬಸ್ಸಿನಲ್ಲಿ ಇಡೀ ದಾರಿ ಅವಳ ಕೈ ಬಿಟ್ಟಿರಲಿಲ್ಲ. ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು.

ಅವಳು ಇನ್ನೊಂದು ಕೈಯಲ್ಲಿದ್ದ ಟಿಕೆಟ್ಟುಗಳನ್ನು ಮತ್ತೆ ನೋಡಿದಳು. *ನನ್ನ ಸಿಟ್ಟಿಗೆ ಇವರ ಹಾಡು ಹೋಗಬೇಕಾ? ಆದರೆ ಅವನ ಮುಂದೆ ಹೋಗಿ ಕೈ ಚಾಚೋದಾ?*

ಸಭಾಂಗಣದ ಅಂಗಳಕ್ಕೆ ಕಾಲಿಡುವಾಗ ಎರಡು ಗಂಟೆ ಇಪ್ಪತ್ತು ನಿಮಿಷ. ಟಿಕೆಟ್ ಕಿಟಕಿಯ ಮುಂದೆ ದೊಡ್ಡ ಗುಂಪು, ಗಲಾಟೆ. ಗಾಜಿನ ಮೇಲೆ ಒಂದು ಕಾಗದ ಅಂಟಿಸಿತ್ತು, ಕೈಬರಹ.

ದೊಡ್ಡಮ್ಮನ ಕಿವಿ ಹೇಗೋ, ಕಣ್ಣು ಮಾತ್ರ ಚುರುಕು. ಪುಟ್ಟಿಯೇ ಉಜ್ಜಿಕೊಟ್ಟ ಕನ್ನಡಕ ಬೇರೆ. ಗುಂಪಿನ ಮಧ್ಯೆ ನುಗ್ಗಿ ನಿಂತು ಓದತೊಡಗಿದರು. ಕಿವಿ ಮಂದವಾದವರು ಓದುವ ಹಾಗೆ, ಇಡೀ ಅಂಗಳಕ್ಕೆ ಕೇಳುವಷ್ಟು ಜೋರಾಗಿ.

"ಮರುಮಾರಾಟದ ಪುಟದಲ್ಲಿ ಓಡುವ ಗಡಿಯಾರ ಸುಳ್ಳು. ಅದು ಮುಗಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹೆದರಬೇಡಿ, ಪುಟ ಮುಚ್ಚಿ, ಮೊದಲು ಈ ಕಿಟಕಿಗೆ ಬಂದು ಕೇಳಿ. ಇಲ್ಲಿ ಟಿಕೆಟ್ ಬೆಲೆ ಆರುನೂರು, ಅದರ ಮೇಲೆ ಏನೂ ಇಲ್ಲ. ಆ ಗಡಿಯಾರ ಮಾಡಿದವನು ನಾನೇ. ಮೂರು ವರ್ಷ ಆ ಸಂಬಳ ತಿಂದಿದ್ದೇನೆ. ಒಂದು ದಿನ ನನ್ನ ಅಮ್ಮ ಮೊಮ್ಮಕ್ಕಳಿಗೆ ಬೊಂಬೆಯಾಟದ ಟಿಕೆಟ್ ಕೊಳ್ಳುವಾಗ, ಒಂದೇ ನಿಮಿಷ ಇದೆ ಕಣೋ, ಒತ್ತಲಾ ಅಂತ ನಡುಗುವ ದನಿಯಲ್ಲಿ ಫೋನ್ ಮಾಡಿದರು. ಅದು ನನ್ನ ಗಡಿಯಾರ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಎರಡರಷ್ಟು ಕಟ್ಟಿ, ಸಮಯಕ್ಕೆ ಸರಿಯಾಗಿ ಒತ್ತಿಬಿಟ್ಟೆ ಅಂತ ಅವರು ಖುಷಿಪಟ್ಟರು. ಮರುದಿನ ಕೆಲಸ ಬಿಟ್ಟೆ. ಅವರಿಗೂ ನಿಮಗೂ ಈಗ ಹೇಳುತ್ತಿದ್ದೇನೆ. ಬೈಯಬೇಕಾದವರು ಬೈಯಬಹುದು."

ಬೈಯುತ್ತಿದ್ದರು! ಒಬ್ಬ ಗಾಜಿಗೆ ಗುದ್ದಿ, ನನ್ನ ದುಡ್ಡು ಕೊಡು ಅನ್ನುತ್ತಿದ್ದ. ಇನ್ನೊಬ್ಬಾಕೆ, ನಾಚಿಕೆ ಆಗಲ್ವಾ ನಿನಗೆ ಅಂದರು. ಯಾರೋ ಉಗಿದದ್ದು ಗಾಜಿನ ಮೇಲೆ ಇಳಿಯುತ್ತಿತ್ತು. ಹಿಂದೆ ನಿಂತಿದ್ದ ಮ್ಯಾನೇಜರು ಹಲ್ಲು ಕಚ್ಚಿಕೊಂಡು ಅವನನ್ನೇ ದುರುಗುಟ್ಟುತ್ತಿದ್ದರು. ಅವನು ಮಾತ್ರ ತಲೆ ತಗ್ಗಿಸಿ, ಬಂದವರಿಗೆಲ್ಲ, ಹೌದು, ನಾನೇ, ತಪ್ಪಾಯಿತು, ಅನ್ನುತ್ತಾ ಟಿಕೆಟ್ ಕೊಡುತ್ತಿದ್ದ.

ಅವಳು ನಿಂತಲ್ಲೇ ನಿಂತಳು. ಅವನಿಗೆ ಹೀಗೇ ಆಗಬೇಕು ಅಂತ ಐದು ದಿನ ಅಂದುಕೊಂಡಿದ್ದಳು. ಈಗ ಆಗುತ್ತಿದೆ, ಖುಷಿಯಾಗುತ್ತಿಲ್ಲ. ಅಸಹ್ಯ ಪೂರ್ತಿ ಹೋಗಿರಲಿಲ್ಲ, ನಿಜ. ಆದರೆ ಈ ಸಲ ಅವನು ಬೆಲೆಯನ್ನು ಎಲ್ಲರಿಗೂ ಕಾಣುವ ಹಾಗೆ, ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ ಹಾಕಿದ್ದ.

ಗಡಿಯಾರ ನೋಡಿದಳು. ಎರಡು ಮೂವತ್ತೈದು. ಇದು ನಿಜವಾದ ಗಡಿಯಾರ, ಗೋಡೆಯ ಮೇಲಿನದ್ದು.

ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಎರಡು ಟಿಕೆಟ್‌ಗಳನ್ನು ಗಾಜಿನ ಕೆಳಗೆ ತಳ್ಳಿದಳು.

ಅವನು ಟಿಕೆಟ್ ನೋಡಿದ. ಅವಳ ಬೆರಳು ನೋಡಿದ. ತಲೆ ಎತ್ತುವ ಧೈರ್ಯ ಬರಲಿಲ್ಲ. ಡ್ರಾಯರಿನಿಂದ ಮ್ಯಾನೇಜರ ಸಹಿಯಿದ್ದ ಬೇರೆ ಎರಡು ಟಿಕೆಟ್ ತೆಗೆದು ಮುಂದಿಟ್ಟ.

"ಏಳನೇ ಸಾಲು. ಒಂಬತ್ತು, ಹತ್ತು. ಬಲಗಿವಿ ನಿಮ್ಮ ಕಡೆ ಬರೋ ಹಾಗೆ ಅವರನ್ನ ಒಂಬತ್ತರಲ್ಲಿ ಕೂರಿಸಿ."

"ಇದಕ್ಕೆಷ್ಟು?"

"ಏನೂ ಇಲ್ಲ."

"ಕೆಳಗೆ ಸಣ್ಣದಾಗಿ ಏನಾದ್ರೂ ಬರೆದಿದೆಯಾ?"

"ಇಲ್ಲ," ಎಂದ ಅವನು.

ಅವಳು ಟಿಕೆಟ್ ತೆಗೆದುಕೊಂಡು ತಿರುಗಿದಳು. ಅವನ ಕನ್ನಡಕ ಮತ್ತೆ ಬಲಕ್ಕೆ ವಾಲಿತ್ತು.

*

ಕಛೇರಿ ಹೇಗಿತ್ತು ಅಂತ ನಾನು ವರ್ಣಿಸುವುದಿಲ್ಲ. ಗಾಯಕಿಗೆ ವಯಸ್ಸಾಗಿತ್ತು, ಎರಡು ಕಡೆ ಉಸಿರು ಸಿಕ್ಕಲಿಲ್ಲ, ಯಾರೂ ತಪ್ಪು ತಿಳಿಯಲಿಲ್ಲ. ಏಳನೇ ಸಾಲಿನಲ್ಲಿ ಒಬ್ಬಳು ಹುಡುಗಿ ಒಬ್ಬ ಹೆಂಗಸಿನ ಬಲಗಿವಿಗೆ ಬಾಯಿ ತಾಗಿಸಿ, ಪ್ರತಿ ಸಾಲನ್ನೂ ಪಿಸುಗುಡುತ್ತಿದ್ದಳು. ಆ ಹೆಂಗಸು ಮಡಿಲಲ್ಲಿ ಕೈಯಿಟ್ಟು, ಮಿಷನ್ ಇಲ್ಲದಿದ್ದರೂ ಕಾಲನ್ನು ಮೆಲ್ಲಗೆ ಆಡಿಸುತ್ತಿದ್ದರು. ಒಂದು ಹಾಡಿಗೆ ಮಾತ್ರ ಕಾಲು ನಿಂತಿತು. ಅವಳು ಕಿವಿಗೆ ಇನ್ನೂ ಹತ್ತಿರ ಬಗ್ಗಿದಳು. ಒಂದು ಮಾತನ್ನೂ ಬಿಡಲಿಲ್ಲ.

ಮುಗಿದ ಮೇಲೆ ಜನ ಹೋದರು. ಕಸ ಗುಡಿಸುವ ಹೆಂಗಸರು ಒಳಗೆ ಬಂದರು. ದೊಡ್ಡಮ್ಮ ಅಲ್ಲಾಡಲಿಲ್ಲ, ಈ ಸದ್ದೂ ಚೆನ್ನಾಗಿದೆ, ಸ್ವಲ್ಪ ಹೊತ್ತು ಕೂರೋಣ ಅಂದರು. ಪೊರಕೆಯ ಸದ್ದನ್ನೇ ಕೇಳುತ್ತಾ ಕೂತರು.

ಆಗ ಬಾಗಿಲಲ್ಲಿ ಅವನು ಕಾಣಿಸಿದ. ಕೈಯಲ್ಲಿ ಗಾಜು ಒರೆಸಿದ ಒದ್ದೆ ಬಟ್ಟೆ. ಅವರಿಬ್ಬರನ್ನು ನೋಡಿ ಹಿಂದಕ್ಕೆ ತಿರುಗಿದ.

"ಕಿಟಕಿ," ದೊಡ್ಡಮ್ಮ ಕೂಗಿದರು. "ಬಾ ಇಲ್ಲಿ."

ಬಂದ. ಅವಳು ಮುಖ ತಿರುಗಿಸಿ ವೇದಿಕೆ ನೋಡಿದಳು.

"ಗುರುವಾರ ಈ ಕಿವಿ ಹೋಗುತ್ತೆ ಕಣಪ್ಪ," ದೊಡ್ಡಮ್ಮ ಹೇಳಿದರು. "ಇವಳು ಐದು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಿನ್ನ ಮುಖ ನೋಡಿದ್ರೆ ನೀನೂ ಮಾಡಿಲ್ಲ. ಆಮೇಲೆ ನನಗೆ ಚೀಟೀಲಿ ಬರೆದು ತೋರಿಸೋದು ಬೇಡ. ಹೇಳೋದೇನಾದ್ರೂ ಇದ್ರೆ ಈಗ ಹೇಳು. ನನ್ನ ಕಿವೀಲಿ ಹೇಳು. ನಾನೂ ಕೇಳಿಸ್ಕೋಬೇಕು."

ಅವನು ಮೊಣಕಾಲೂರಿ ದೊಡ್ಡಮ್ಮನ ಬಲಗಿವಿಯ ಹತ್ತಿರ ಬಗ್ಗಿದ. ಕಣ್ಣು ಮಾತ್ರ ಅವಳ ಮೇಲಿತ್ತು.

"ಮೊದಲು ಬೆಲೆ ಹೇಳಿಬಿಡ್ತೀನಿ ದೊಡ್ಡಮ್ಮ. ಮೂರು ವರ್ಷ ಜನರನ್ನ ಹೆದರಿಸೋ ಕೆಲಸ ಮಾಡಿದ್ದೀನಿ. ಇವಳು ಕೇಳಿದಾಗ ಸುಳ್ಳು ಹೇಳಿದ್ದೀನಿ. ಇವತ್ತು ಗಾಜಿಗೆ ಅಂಟಿಸಿದ ಚೀಟಿಯಿಂದ ಈ ಕೆಲಸ ಉಳಿಯುತ್ತೋ ಇಲ್ವೋ ಗೊತ್ತಿಲ್ಲ. ಮುಂದೆ ಎಲ್ಲಿ, ಏನು, ಅದೂ ಗೊತ್ತಿಲ್ಲ." ಉಸಿರು ತೆಗೆದುಕೊಂಡ. "ಇಷ್ಟೆಲ್ಲ ಕೇಳಿದ ಮೇಲೂ ಬೇಡ ಅನಿಸದೆ ಇದ್ರೆ... ಇವಳು ಅಂದ್ರೆ ನನಗೆ ಪ್ರಾಣ. ಅಷ್ಟೇ. ಇನ್ನೇನೂ ಮುಚ್ಚಿಟ್ಟಿಲ್ಲ."

"ಕೇಳಿಸ್ತು," ಎಂದರು ದೊಡ್ಡಮ್ಮ. ಆಮೇಲೆ ಅವಳ ಕಡೆ ನೋಡಿದರು. "ನೀನು?"

ಅವಳು ತಲೆಯಾಡಿಸಿದಳು. ಕಣ್ಣು ತುಂಬಿತ್ತು.

"ತಲೆ ಆಡಿಸಿದ್ರೆ ಕೇಳಿಸಲ್ಲ ಪುಟ್ಟಿ. ತಲೆಯಾಡಿಸೋದನ್ನ ಇನ್ನು ಬದುಕಿರೋ ತನಕ ನೋಡ್ತೀನಿ. ಈಗ ಬಾಯಿಬಿಟ್ಟು ಹೇಳು."

"ಹೂಂ," ಅಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

"ಕೇಳಿಸಲಿಲ್ಲ."

"ಹೂಂ ದೊಡ್ಡಮ್ಮ! ನನಗೂ ಇವನು ಬೇಕು!"

ಖಾಲಿ ಸಭಾಂಗಣ ಅದನ್ನು ಇನ್ನೊಮ್ಮೆ ಹೇಳಿತು. ಗುಡಿಸುತ್ತಿದ್ದ ಹೆಂಗಸರು ಪೊರಕೆ ನಿಲ್ಲಿಸಿ ತಿರುಗಿ ನೋಡಿದರು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡರು, ಹಾಡು ಮುಗಿದ ಮೇಲೆ ರೇಡಿಯೋದ ಮುಂದೆ ಮುಚ್ಚಿಕೊಳ್ಳುತ್ತಿದ್ದ ಹಾಗೆ. ಬಲಗಿವಿಯ ಮೇಲೆ ಅಂಗೈ ಇಟ್ಟುಕೊಂಡು ಹಾಗೇ ಕೂತರು.

ಅವಳು ಅವನ ಕಡೆ ತಿರುಗಿದಳು.

"ನಿನ್ನನ್ನ ಪೂರ್ತಿ ಕ್ಷಮಿಸಿಲ್ಲ. ನೆನೆಸ್ಕೊಂಡ್ರೆ ಈಗಲೂ ಹೇಸಿಗೆ ಆಗುತ್ತೆ. ಹೋಗೋಕೆ ದಿನ ಬೇಕು."

"ನಿಧಾನಕ್ಕೆ," ಎಂದ ಅವನು. "ಯಾವ ಗಡಿಯಾರನೂ ಇಲ್ಲ."

ಅವಳು ಕೈ ಚಾಚಿ ಅವನ ಓರೆ ಕನ್ನಡಕವನ್ನು ತೆಗೆದಳು. ಬಿಸಿ ಗಾಳಿ ಇರಲಿಲ್ಲ, ಅಂಗೈಯ ಬಿಸಿಯಲ್ಲೇ ಕಡ್ಡಿಯನ್ನು ಹಿಡಿದು, ಸ್ವಲ್ಪ ಬಗ್ಗಿಸಿ, ಮತ್ತೆ ಅವನ ಮುಖಕ್ಕಿಟ್ಟಳು. ಕಿವಿಯ ಹಿಂದೆ ಎರಡು ಬೆರಳು ಮುಟ್ಟಿಸಿ ನೋಡಿದಳು. ಈ ಸಲ ಬೆರಳು ತೆಗೆಯಲಿಲ್ಲ.

"ಸರಿ ಕೂತಿದೆಯಾ?"

"ಇನ್ನೂ ಸ್ವಲ್ಪ ಹೊತ್ತು ನೋಡು."